ಹಲ್ಲು ಕೀಳುವ ಟ್ಯಾಂಗೊ

ಬವೇರಿಯಾ, ನಿರಾಶ್ರಿತರ ಶಿಬಿರ
ಮೇ 1947

ಅಕ್ಕಾ, ನಿನ್ನ ತಮ್ಮ ಬದುಕಿದ್ದಾನೆ, ಕೆಲಸವೂ ಸಿಕ್ಕಿದೆ. ಇಲ್ಲಿಯ ಹಲ್ಲಿನ ಡಾಕ್ಟರ್ ಕೊರ್ನಿಲೊ ಬಳಿ ನೋವು ತಿಳಿಯದಂತೆ ಮಾಡುವ ಮದ್ದಿಲ್ಲ. ಒಳಗೆ ಹಲ್ಲು ಕೀಳಿಸಿಕೊಳ್ಳುವವರ ಕೂಗು ಸಾಲಿನಲ್ಲಿ ನಿಂತವರಿಗೆ ಕೇಳಿಸದಿರಲೆಂದು ನಾನು ಚಳಿಗಾಲವೆಲ್ಲ ಬಾಗಿಲಲ್ಲಿ ಕುಳಿತು ಅಕಾರ್ಡಿಯನ್ ನುಡಿಸಿದೆ. ಡಾಕ್ಟರಿಗೆ ಬೇಕಾದದ್ದು ಒಂದೇ ಹಾಡು, ಒಂದು ಕಾಲಕ್ಕೆ ನಮ್ಮ ಲ್ವಿವ್ ಊರನ್ನೆಲ್ಲ ಕುಣಿಸಿದ ನನ್ನ ಟ್ಯಾಂಗೊ.

ನಿನ್ನೆ ಮಧ್ಯಾಹ್ನ ಶಿಬಿರದಲ್ಲೊಂದು ಮದುವೆ. ಹೊಸದಾಗಿ ಬಂದ ಮದುಮಗಳು ಅದೇ ಟ್ಯಾಂಗೊ ಕೇಳಿದಳು. ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಇಡೀ ಸಭೆ ಕೆನ್ನೆ ಹಿಡಿದುಕೊಂಡಿತು, ಪಾದ್ರಿಯೂ ಸಹ. ಮದುಮಗ ಬೆವರಿ ಕೈಮುಗಿದ:

"ದಮ್ಮಯ್ಯ ನಿಲ್ಸಿ, ನನ್ನ ಎರಡು ದವಡೆಹಲ್ಲು ಹೋಗಿದ್ದು ಇದೇ ಹಾಡಿಗೆ."

ಅಕಾರ್ಡಿಯನ್ ಮುಚ್ಚಿದೆ. ನನಗೆ ಹೆಸರು ತಂದ ಹಾಡನ್ನು ನಾನೇ ಕೊಂದೆನಲ್ಲ.

ಆಗ ಮೂಲೆಯಿಂದ ಎಂಬತ್ತು ವರ್ಷದ ಯುಸ್ತಿನಾ ಅಜ್ಜಿ ಎದ್ದು ಬಂದಳು.

"ನೀನು ನುಡ್ಸಪ್ಪ. ನಂಗೆ ಹಲ್ಲೇ ಇಲ್ಲ, ಯಾರು ಬಂದು ಏನು ಕೀಳ್ತಾರೆ?"

ಮೂರು ಸಲ ನುಡಿಸಿದೆ. ಮೂರು ಸಲವೂ ಅವಳೊಬ್ಬಳೇ ಕುಣಿದಳು, ಉಳಿದವರು ಕೆನ್ನೆ ಹಿಡಿದುಕೊಂಡೇ ನೋಡಿದರು.

ನನ್ನ ಹಳೆಯ ಕೆಮ್ಮು ಇಳಿದಿದೆ, ಚಿಂತೆ ಬೇಡ. ಅಜ್ಜಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಇವತ್ತೂ ಕುಣಿಯಬೇಕಂತೆ.

ನಿನ್ನ ಮಾರ್ಕಿಯಾನ್