ಪಡುಸೀಮೆ ಬ್ಯಾಂಕು ಕೇಳುವ ನೆರೆಮನೆಯವರು

ಕೋಟೆಬೈಲು ಅಡ್ಡರಸ್ತೆ,
ನಾಲ್ಕನೆಯ ಮನೆ ಇದ್ದ ಜಾಗದ ಮೇಲಿನಿಂದ.
ಫೆಬ್ರವರಿ 30, 2191

ಮೂರನೆಯ ಮನೆಯವರಿಗೆ ಕುಮುದಾಕ್ಷಿ ಕರ್ಕೇರ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ, ಕೈತಪ್ಪಿ ಬರೆದದ್ದಲ್ಲ. ಎಲ್ಲ ತಿಂಗಳಿಗೂ ಮೂವತ್ತೇ ದಿನವಾದರೆ ಬಡ್ಡಿ ಲೆಕ್ಕ ಸುಲಭವೆಂದು ನಮ್ಮ ಪಡುಸೀಮೆ ಬ್ಯಾಂಕು ಫೆಬ್ರವರಿಯನ್ನೂ ಎಳೆದು ಉದ್ದ ಮಾಡಿತು. ನಾವು ಅದಕ್ಕೂ ಒಗ್ಗಿಕೊಂಡೆವು. ಈ ಕಾಗದದಲ್ಲಿ ನಿಮ್ಮ ಕಾಲದಲ್ಲಿಲ್ಲದ ಒಂದೆರಡು ಮಾತುಗಳು ಬರಬಹುದು, ಕ್ಷಮಿಸಿ. ನಿಮ್ಮ ಹೆಸರೂ ನನಗೆ ತಿಳಿಯದು, ಮನೆ ನಂಬರು ಮಾತ್ರ ಗೊತ್ತು. ಕ್ರೆಡಿಟ್ ಕಾರ್ಡು ತೆಗೆದುಕೊಳ್ಳಿ ಎಂಬ ಜಾಹೀರಾತಿನ ಕವರಿನೊಳಗೆ ಇದು ನಿಮ್ಮ ಗೇಟಿನ ಡಬ್ಬಿಗೆ ಬೀಳುತ್ತದೆಯಂತೆ. ಒಡೆಯದೆ ಬಿಸಾಡದಿದ್ದರೆ ನನ್ನ ಪುಣ್ಯ.

ನಿಮ್ಮ ಕಾಲದಲ್ಲಿ ಕಾರ್ಡು ಎಂದರೆ ಸೀರೆ, ಫ್ರಿಜ್ಜು ಕೊಳ್ಳಲು ಎಂದು ಕೇಳಿದ್ದೇನೆ. ನಮ್ಮಲ್ಲಿ ಘಟ್ಟದ ಮೇಲಿನ ಆಸ್ಪತ್ರೆ, ಶಾಲೆ, ಸಿಹಿನೀರಿನ ನಲ್ಲಿ ಎಲ್ಲವೂ ಅದಕ್ಕೇ ತೆರೆಯುವುದು. ಕೈಯಲ್ಲಿ ದುಡ್ಡಿದ್ದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಈ ಮನುಷ್ಯನನ್ನು ಬ್ಯಾಂಕು ನಂಬಿದೆ ಎಂಬುದು ಬೇಕು, ಅಷ್ಟೇ. ಸೀಮೆಗೊಂದು ಬ್ಯಾಂಕು. ನಮ್ಮ ಸೀಮೆಯವರಿಗೆ ಪಡುಸೀಮೆ ಬ್ಯಾಂಕು ಬಿಟ್ಟರೆ ಬೇರೆ ಯಾರೂ ಕಾರ್ಡು ಕೊಡುವಂತಿಲ್ಲ. ಅವರು ಕೊಡಬೇಕಾದರೆ ನಾವು ಈ ಸೀಮೆಯಲ್ಲಿಯೇ ವಾಸವಿದ್ದೇವೆಂದು ನೆರೆಯವರೊಬ್ಬರು ಹೇಳಬೇಕು. ತಮಾಷೆ ಏನೆಂದರೆ, ಸೀಮೆಯೆಲ್ಲ ಸಮುದ್ರದ ಪಾಲಾಯಿತು, ಬ್ಯಾಂಕು ಮಾತ್ರ ಫೈಲು ಕಟ್ಟಿಕೊಂಡು ಘಟ್ಟ ಹತ್ತಿ ಕುಳಿತಿದೆ.

ನಾವು ಇಲ್ಲೇ ಉಳಿದೆವು. ತೇಲುಮನೆ ಎಂದರೆ ಅಗಲವಾದ ದೋಣಿ, ಮೇಲೊಂದು ತಗಡಿನ ಮಾಡು, ಕೆಳಗೆ ಖಾಲಿ ಡ್ರಮ್ಮುಗಳು. ಒಬ್ಬೊಬ್ಬರೂ ತಮ್ಮ ಹಳೆಯ ಮನೆಯ ಮೇಲೆಯೇ ಲಂಗರು ಹಾಕಿ, ಡ್ರಮ್ಮಿನ ಮೇಲೆ ಮನೆ ನಂಬರು ಬರೆದುಕೊಂಡಿದ್ದೇವೆ. ನೀರಿನ ಇಳಿತದ ಹೊತ್ತಿಗೆ ನಮ್ಮ ಅಜ್ಜ ಕಟ್ಟಿಸಿದ ಮನೆಯ ಟೆರೇಸಿನ ಅಂಚು ಕಾಣಿಸುತ್ತದೆ, ಅದರ ಮೇಲೆ ಈಗ ಸಮುದ್ರದ ಚಿಪ್ಪುಗಳು ಕಚ್ಚಿಕೊಂಡಿವೆ. ಬೆಳಿಗ್ಗೆ ಪಾಚಿ ಹಾಕಿದ ಗಂಜಿ, ಮಧ್ಯಾಹ್ನ ಮೀನು, ರಾತ್ರಿ ಬೆಳಗಿನ ಗಂಜಿಯದೇ ತಿಳಿ. ಹಾಗೆಂದು ಊರಿನ ಬುದ್ಧಿ ಬಿಟ್ಟಿಲ್ಲ ಮಾರಾಯ್ರೆ. ಎದುರು ಮನೆ ಐಸಮ್ಮನ ದೋಣಿ ಗಾಳಿಗೆ ನಮ್ಮ ಅಂಗಳಕ್ಕೆ ಬಂತೆಂದು ನಾನೇ ಎಷ್ಟು ಸಲ ಜಗಳ ಮಾಡಿದ್ದೇನೆ. ನೀರಿನಲ್ಲಿ ಎಲ್ಲಿಯ ಅಂಗಳ?

ಈಗ ವಿಷಯಕ್ಕೆ ಬರುತ್ತೇನೆ. ನನಗಿರುವುದು ಒಬ್ಬಳೇ ಮಗಳು, ತೇಜಾಕ್ಷಿ. ಹೋದ ವರ್ಷ ಅವಳ ಮೊದಲ ಹೆರಿಗೆಯಲ್ಲಿ ಮಗು ಅಡ್ಡವಾಗಿತ್ತು. ಘಟ್ಟದ ಬುಡದವರೆಗೆ ದೋಣಿಯಲ್ಲಿ, ಅಲ್ಲಿಂದ ಮೇಲೆ ಅಳಿಯ ಭಾಸ್ಕರನ ಬೆನ್ನ ಮೇಲೆ ಹೊರಿಸಿ ಆಸ್ಪತ್ರೆಗೆ ಒಯ್ದೆವು. ಗೇಟಿನವನು ಕಾರ್ಡು ಕೇಳಿದ. ನಾನು ಬಳೆ ಬಿಚ್ಚಿ ಅವನ ಮುಂದೆ ಹಿಡಿದೆ. "ಬಳೆ ಒಳಗಿಡಿ ಅಮ್ಮ, ನಿಮ್ಮನ್ನು ಬಿಟ್ಟರೆ ನನ್ನ ಕಾರ್ಡು ಕಿತ್ತುಕೊಳ್ತಾರೆ" ಎಂದ. ಗೇಟಿನ ಹೊರಗಿನ ಕಟ್ಟೆಯ ಮೇಲೆಯೇ ಹೆರಿಗೆಯಾಯಿತು. ಗಂಡು ಮಗು. ಅಳಲೇ ಇಲ್ಲ. ಆ ಗೇಟಿನವನ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಇದೆ, ಅವನ ತಪ್ಪಿಲ್ಲವೆಂದು ಗೊತ್ತಿದ್ದೂ ಇದೆ.

ಈಗ ತೇಜಾಕ್ಷಿಗೆ ಮತ್ತೆ ದಿನ ತುಂಬುತ್ತಿದೆ. ಹೊಟ್ಟೆ ಮುಟ್ಟಿ ನೋಡಿದ ಐಸಮ್ಮ, ಈ ಸಲವೂ ಮಗು ಅಡ್ಡವೇ ಇದೆ ಎಂದು ಹೇಳಿ ಮುಖ ತಿರುಗಿಸಿಕೊಂಡರು. ಅದಕ್ಕೇ ಅವಳ ಹೆಸರಿನಲ್ಲಿ ಕಾರ್ಡಿಗೆ ಅರ್ಜಿ ಹಾಕಿದೆವು. ಬ್ಯಾಂಕಿನಿಂದ ಪರಿಶೀಲನೆಗೆ ಶೇರಿಗಾರ್ ಎಂಬವರು ಬರುತ್ತಾರೆಂದು ತಿಳಿದಾಗ ಇಡೀ ಅಡ್ಡರಸ್ತೆಯೇ ಸಜ್ಜಾಯಿತು. ಮೀನಿಗೆ ಹೋದವರೆಲ್ಲ ವಾಪಸಾಗಿ ತಮ್ಮ ತಮ್ಮ ನಂಬರಿನ ಮೇಲೆ ದೋಣಿ ನಿಲ್ಲಿಸಿದರು. ಒಂದನೆಯ ಮನೆಯ ಫ್ಲೋಸಿ ಬಾಯಿ ದೋಣಿಯ ಮುಂದೆ ತುಳಸಿ ಡಬ್ಬಿಯನ್ನೂ ಇಟ್ಟರು, ಕ್ರಿಶ್ಚಿಯನ್ನರು! ನಿಜವಾದ ಬೀದಿಯ ಹಾಗೆ ಕಾಣಲಿ ಎಂದು. ಶೇರಿಗಾರ್ ಲೈಫ್ ಜಾಕೆಟ್ ಹಾಕಿಕೊಂಡು, ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಬಂದರು. ತೇಜಾಕ್ಷಿಯನ್ನು ತೋರಿಸಿ, ಇವರು ಗೊತ್ತುಂಟಾ ಎಂದು ಒಬ್ಬೊಬ್ಬರನ್ನೇ ಕೇಳಿದರು.

"ಎಂತ ಸಾರ್ ನೀವು ಕೇಳುವುದು? ಇವಳು ಹುಟ್ಟಿದ್ದೇ ನನ್ನ ಕೈಯಲ್ಲಿ. ನಮಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತು?" ಎಂದರು ಐಸಮ್ಮ.

ಆ ಮನುಷ್ಯ ಕೆಟ್ಟವರಲ್ಲ. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ತಲೆ ತಗ್ಗಿಸಿ, ನೆರೆಯವರೆಂದರೆ ಪಕ್ಕದ ನೆಲದಲ್ಲಿ ವಾಸವಿರುವವರೆಂದು ನಿಯಮದಲ್ಲಿದೆ, ನೀವು ಯಾರೂ ನೆಲದಲ್ಲಿಲ್ಲ ಎಂದರು. ಐಸಮ್ಮ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ತೇಜಾಕ್ಷಿ ಮಾತ್ರ ಒಳಗೆ ಹೋಗಿ ಮಲಗಿದಳು. ಹೊರಡುವಾಗ ಶೇರಿಗಾರರೇ ತಡೆದು ತಡೆದು ಇನ್ನೊಂದು ಮಾತು ಹೇಳಿದರು. ನೆರೆಯವರು ನೆಲದಲ್ಲಿ ವಾಸವಿರಬೇಕು ಎಂದಿದೆ ಅಮ್ಮ, ಯಾವ ಕಾಲದಲ್ಲಿ ಎಂದಿಲ್ಲ. ಹಿಂದಂಚೆಯಲ್ಲಿ ಕೇಳಿಸಿ ನೋಡುತ್ತೇನೆ ಎಂದು.

ಹಿಂದಂಚೆ ಎಂದರೆ ಬ್ಯಾಂಕಿನವರು ಹಳೆಯ ಖಾತೆಗಳ ಗೊಂದಲ ಬಿಡಿಸಲು ಹಿಂದಿನ ತಾರೀಕಿಗೆ ಕಾಗದ ಕಳಿಸುವ ಏರ್ಪಾಟು. ಅದು ಹೇಗೆ ನಡೆಯುತ್ತದೆಂದು ಕೇಳಬೇಡಿ, ನನಗೆ ತಿಳಿಯದು. ಅದರಲ್ಲಿ ಅರ್ಜಿ ಹಾಕಿದವರ ಪರವಾಗಿ ಪರಿಚಯದ ಒಂದು ಕಾಗದ ಇಡಬಹುದು. ಹಾಗೆ ನಿಮ್ಮ ಕಾಲದ ಶಾಖೆಗೆ ನಮ್ಮ ಅರ್ಜಿ ಹೋಗಿದೆ. ಅಕ್ಕಪಕ್ಕದ ಎರಡು ಮನೆಗಳಲ್ಲಿ ವಿಚಾರಿಸುತ್ತಾರೆ, ಒಂದು ಮನೆಯವರು ಹೂಂ ಎಂದರೂ ಸಾಕು. ಮೊದಲು ಐದನೆಯ ಮನೆಯಲ್ಲಿ ಕೇಳಿದರಂತೆ. ಆ ಮನೆಯವರು ಬಾಗಿಲ ಸರಪಳಿಯನ್ನೂ ತೆಗೆಯದೆ, ಗೊತ್ತಿಲ್ಲ, ಬಾಡಿಗೆಯವರಿರಬೇಕು, ನಮಗೆ ಯಾರ ಉಸಾಬರಿಯೂ ಬೇಡ ಎಂದು ಬಾಗಿಲು ಹಾಕಿಕೊಂಡರಂತೆ. ಅವರನ್ನು ದೂರಿ ಏನು ಪ್ರಯೋಜನ? ಆ ದಿನ ಅವರಿಗೆ ಏನು ಕಷ್ಟವಿತ್ತೋ. ಆದರೂ ಆ ಉತ್ತರ ಬಂದ ದಿನ ನಮ್ಮ ದೋಣಿಯಲ್ಲಿ ಒಲೆ ಉರಿಯಲಿಲ್ಲ.

ಉಳಿದಿರುವುದು ನೀವೊಬ್ಬರೇ. ನಾಳೆಯೋ ನಾಡಿದ್ದೋ ಹೆಲ್ಮೆಟ್ ಕೈಯಲ್ಲಿ ಹಿಡಿದ ಬ್ಯಾಂಕಿನ ಹುಡುಗನೊಬ್ಬ ನಿಮ್ಮ ಬೆಲ್ ಒತ್ತುತ್ತಾನೆ. ನಾವು ಯಾವ ಕಾಲದವರೆಂದು ಅವನಿಗೂ ತಿಳಿದಿರುವುದಿಲ್ಲ. ನಾಲ್ಕನೆಯ ನಂಬರಿನ ತೇಜಾಕ್ಷಿ ಕರ್ಕೇರ ಗೊತ್ತುಂಟಾ ಎಂದು ಕೇಳುತ್ತಾನೆ. ನೀವು ಪಕ್ಕಕ್ಕೆ ತಿರುಗಿ ನೋಡುತ್ತೀರಿ. ಅಲ್ಲಿ ಈಗ ಖಾಲಿ ಜಾಗವಿದೆ, ಹುಲ್ಲು, ಯಾರೋ ಬಿಸಾಡಿದ ಪ್ಲಾಸ್ಟಿಕ್ಕು. ಮನೆ ಎದ್ದಿಲ್ಲ. ಕಟ್ಟಿಸಬೇಕಾದ ಅಜ್ಜ ಹುಟ್ಟಿಲ್ಲ. ಇಲ್ಲ ಎನ್ನುವುದೇ ಸಹಜ.

ಆದ್ದರಿಂದ ಅವಳ ಬಗ್ಗೆ ಹೇಳಿಬಿಡುತ್ತೇನೆ, ಕೇಳಿ. ತೇಜಾಕ್ಷಿ ಎತ್ತರದ ಹುಡುಗಿ, ತಗಡಿನ ಮಾಡಿಗೆ ತಲೆ ತಾಗಿಸಿಕೊಳ್ಳದ ದಿನವಿಲ್ಲ. ಬಲೆಯ ಗಂಟು ನನಗಿಂತ ಚೆನ್ನಾಗಿ ಹಾಕುತ್ತಾಳೆ, ಅದನ್ನು ದಿನಕ್ಕೊಮ್ಮೆ ನನಗೆ ಹೇಳಿ ತೋರಿಸುತ್ತಾಳೆ. ಸಿಟ್ಟು ಬಂದರೆ ಮಾತು ಬಿಡುತ್ತಾಳೆ, ಊಟ ಬಿಡುವುದಿಲ್ಲ. ನಕ್ಕರೆ ಮೂರು ದೋಣಿಯಾಚೆಗೆ ಕೇಳಿಸುತ್ತಿತ್ತು. ಹೋದ ವರ್ಷದಿಂದ ಕೇಳಿಸಿಲ್ಲ. ಹುಟ್ಟುವ ಮಗುವಿಗೆ ಹೆಸರು ಯೋಚಿಸಕೂಡದೆಂದು ನನಗೂ ಭಾಸ್ಕರನಿಗೂ ತಾಕೀತು ಮಾಡಿದ್ದಾಳೆ, ಬಟ್ಟೆ ಹೊಲಿಯಲೂ ಬಿಡುತ್ತಿಲ್ಲ. ನನಗೆ ಹೆದರಿಕೆಯಾಗುತ್ತದೆ. ಅವಳನ್ನೂ ಆ ಕಟ್ಟೆಯ ಮೇಲೆಯೇ ಕಳೆದುಕೊಂಡುಬಿಡುತ್ತೇನೋ ಎಂದು.

ಸುಳ್ಳು ಹೇಳಿ ಎಂದು ನಾನು ಕೇಳುತ್ತಿಲ್ಲ. ಇಷ್ಟು ಓದಿದ ಮೇಲೂ ಅವಳು ಗೊತ್ತಿಲ್ಲ ಎಂದು ಮಾತ್ರ ಹೇಳಬೇಡಿ.

ಇತಿ,
ನಿಮ್ಮ ಪಕ್ಕದ ಮನೆಯ
ಕುಮುದಾಕ್ಷಿ