ಮುನ್ನೂರಹತ್ತರ ಬಂದೂಕು, ಠಾಣೆಯ ನಿಂಬೆಹಣ್ಣು

ಜಿಲ್ಲೆಯ ಬಂದೂಕು ಪರವಾನಗಿ ಅಧಿಕಾರಿಗಳಿಗೆ, ಪತ್ರಿಕೆಯ ಮೂಲಕ ಬಹಿರಂಗ ಪತ್ರ,

ಮಾನ್ಯರೇ,

ನೀವು ಒಡೆದು ಗುಜರಿಗೆ ಹಾಕಲು ಆಜ್ಞೆ ಮಾಡಿರುವ ಬಂದೂಕಿಗೆ ಇಡೀ ಮೈಸೂರು ರಾಜ್ಯದಲ್ಲಿ ಒಂದೇ ಒಂದು ತೋಟಾ ಸಿಗುವುದಿಲ್ಲ. ಹುಡುಕಿ ನೋಡಿದವನು ನಾನು. ಬೆಂಗಳೂರಿನ ಬಂದೂಕಿನ ಅಂಗಡಿಗಳಲ್ಲಿ ಕೇಳಿ ನಗೆಪಾಟಲಾಗಿ ಬಂದಿದ್ದೇನೆ. ಅದನ್ನು ಹಿಡಿದು ಯಾರಾದರೂ ದರೋಡೆಗೆ ಹೊರಟರೆ ದೊಣ್ಣೆಯ ಹಾಗೆ ಬೀಸಬೇಕೇ ಹೊರತು ಗುಂಡು ಸುಡಲಾಗುವುದಿಲ್ಲ. ಆದರೂ ನಿಮ್ಮ ಕಚೇರಿಯ ಪ್ರಕಾರ ಅದು ಸೈನ್ಯದ ಬೋರಿನ, ಎಂದರೆ ಸೈನ್ಯದ ನಳಿಗೆಯ ಅಳತೆಯ, ನಿಷೇಧಿತ ಆಯುಧ, ಸಾರ್ವಜನಿಕ ಶಾಂತಿಗೆ ಅಪಾಯ. ನಮ್ಮ ಗಣರಾಜ್ಯ ಇಷ್ಟು ಸುಲಭವಾಗಿ ಹೆದರುತ್ತದೆ ಎಂದು ನಾನು ಓದಿದ ಯಾವ ಕರಪತ್ರದಲ್ಲೂ ಇರಲಿಲ್ಲ.

ಬಂದೂಕು ನನ್ನದಲ್ಲ. ನಮ್ಮೂರಿನ ಆವಲಪ್ಪನವರದು. ಅವರ ತಂದೆ ಬೆಂಗಳೂರು ದಂಡಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು. ದೊರೆ ಸೀಮೆಗೆ ಹಿಂದಿರುಗುವಾಗ, ತನ್ನ ಮಗ ಗುರಿ ಕಲಿಯುತ್ತಿದ್ದ ಚಿಕ್ಕ ರೈಫಲೊಂದನ್ನು ಕಾಗದಪತ್ರ ಸಮೇತ ಅವರಿಗೆ ಕೊಟ್ಟು ಹೋದ. ಬಳುವಳಿಯಾಗಿ ಬಂದ ತೋಟಾಗಳು ಆ ತಂದೆಯ ಕಾಲಕ್ಕೇ ಮುಗಿದವು. ಆಮೇಲೆ ಅಟ್ಟ ಸೇರಿದ ಬಂದೂಕನ್ನು ಹಿಡಿಯ ಕಡೆಯಿಂದ ಗೆದ್ದಲೂ ನಳಿಗೆಯ ಕಡೆಯಿಂದ ತುಕ್ಕೂ ಹಂಚಿಕೊಂಡು ತಿಂದವು. ಆದರೆ ಆವಲಪ್ಪನವರು ಪರವಾನಗಿಯನ್ನು ಮಾತ್ರ ಒಮ್ಮೆಯೂ ತಪ್ಪಿಸದೆ ನವೀಕರಿಸಿದರು. ಸುಡಲಾಗದ ಬಂದೂಕಿಗೆ ಕಾನೂನು ಪಾಲಿಸಿದ ಇನ್ನೊಬ್ಬ ಪ್ರಜೆ ನಿಮ್ಮ ಜಿಲ್ಲೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ, ಹೋಗಿ ಕೈಮುಗಿದು ಬರುತ್ತೇನೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ದೊಡ್ಡಬಳ್ಳಾಪುರದ ವಾಚನಾಲಯದಲ್ಲಿ ಪಾಸಾದವನು. ಭೂಸುಧಾರಣೆ, ಸಹಕಾರ, ನಾಗರಿಕ ಹಕ್ಕು, ಮೂಢನಂಬಿಕೆಯ ನಿರ್ಮೂಲನ, ಯಾವ ಕರಪತ್ರ ಕೈಗೆ ಸಿಕ್ಕರೂ ಓದಿ ಊರಿಗೆ ಬಂದು ಹೇಳುತ್ತಿದ್ದೆ. ಅರಳಿಕಟ್ಟೆಯ ಮೇಲಿದ್ದವರು ನಾನು ಬಾಯಿ ತೆರೆದೊಡನೆ ಎಮ್ಮೆಗೆ ನೀರು ತೋರಿಸುವ ನೆಪ ಮಾಡಿ ಎದ್ದು ಹೋಗುತ್ತಿದ್ದರು. ನನ್ನ ಮಾತು ಮುಗಿಯುವವರೆಗೂ ಕೂತಿರುತ್ತಿದ್ದವರು ಆವಲಪ್ಪನವರೊಬ್ಬರೇ. ಮುಗಿದ ಮೇಲೆ, “ಲೇ ಪಿಳ್ಳ, ಕ್ರಾಂತಿ ಆಗೋಗಂಟ ಇದನ್ನ ಒಸಿ ಹಿಡ್ಕ” ಎಂದು ಎಣ್ಣೆ ಬಟ್ಟೆಯನ್ನು ಕೈಗೆ ಕೊಡುತ್ತಿದ್ದರು. ಅಟ್ಟದಿಂದ ಇಳಿಸಿದ ಬಂದೂಕು ಅವರ ಜಗಲಿಯ ಮೇಲೆ ಗೋಣಿಚೀಲದ ಮೇಲೆ ಮಲಗಿರುತ್ತಿತ್ತು. ಕಾನೂನಿನ ತೊಡಕು ಬೇಡವೆಂದು ಈಗಲೇ ಹೇಳಿಬಿಡುತ್ತೇನೆ: ಬಂದೂಕು ಬಿಚ್ಚಿದವರು ಅದರ ಮಾಲೀಕರು. ನಾನು ಬಟ್ಟೆ ಹಿಡಿದಿದ್ದೆ. ಬಟ್ಟೆ ಹಿಡಿಯಲೂ ಪರವಾನಗಿ ಬೇಕಿದ್ದರೆ ಅರ್ಜಿಯ ನಮೂನೆ ಕಳುಹಿಸಿಕೊಡಿ.

ತುಕ್ಕು ಹಿಡಿದ ತಿರುಪನ್ನು ಕಂಡರೆ ನನ್ನಂಥವನಿಗೆ ರೋಷ ಬರುತ್ತದೆ. ಒಂದು ದಿನ ಬಲ ಹಾಕಿದೆ. ತಿರುಪಿನ ತಲೆ ಮುರಿದು ಹೋಯಿತು. ಆವಲಪ್ಪನವರು ತಿರುಪುಳಿಯನ್ನು ಕಸಿದುಕೊಂಡು ಹೇಳಿದರು: “ತಿರುಗಕ್ಕಿಲ್ಲ ಅಂದ್ರೆ ಬಲ ಹಾಕ್ಬಾರ್ದು ಕಣ್ಲಾ. ಎಣ್ಣೆ ಬುಟ್ಟು ಮನೆಗೋಗು. ನಾಳೆ ಬಾ.” ನಾಳೆ ಬಾ ಎಂಬ ಮಾತನ್ನು ನಾನು ನಿಮ್ಮ ಕಚೇರಿಯಲ್ಲೂ ಕೇಳಿದ್ದೇನೆ. ಅಲ್ಲಿ ಎಣ್ಣೆ ಬಿಡುವವರಿಲ್ಲ, ಅಷ್ಟೇ ವ್ಯತ್ಯಾಸ. ಮುರಿದ ತಿರುಪಿಗೆ ಬದಲಾಗಿ ಆವಲಪ್ಪನವರು ಮಗ್ಗದ ಹಳೆಯ ಬೋಲ್ಟೊಂದನ್ನು ಅರದಿಂದ ಉಜ್ಜಿ ಉಜ್ಜಿ ಹೊಸದನ್ನು ಮಾಡಿ ಕೂರಿಸಿದರು. ಅದು ಇಂದಿಗೂ ಒಂದಿಷ್ಟು ಓರೆ. ಗೆದ್ದಲು ತಿಂದ ಕಡೆ ಹೊನ್ನೆ ಮರದ ತುಂಡು ಕೂರಿಸಿ, ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿದೆವು. ನಳಿಗೆಯೊಳಗಿನ ತುಕ್ಕು ಬಿಡಲು ಎರಡು ಕಡಲೆಕಾಯಿ ಸುಗ್ಗಿ ಹಿಡಿಯಿತು. ಕೊನೆಗೊಂದು ಬೆಳಿಗ್ಗೆ ಆವಲಪ್ಪನವರು ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದರು. ಆಮೇಲೆ ನನಗೆ ಕೊಟ್ಟರು. ಒಳಗೆ ಸುತ್ತಿಕೊಂಡು ಹೋದ ಗೆರೆಗಳು ಬೆಳ್ಳಗೆ ಹೊಳೆಯುತ್ತಿದ್ದವು, ತುದಿಯಲ್ಲಿ ಕಾಸಿನಗಲ ಆಕಾಶ. “ಗುಂಡೇ ಇಲ್ದಿರೋ ತುಪಾಕಿಗೆ ಇಷ್ಟೆಲ್ಲಾ ಯಾಕಣ್ಣ?” ಎಂದು ಕೇಳಿದ್ದೆ. “ಕೆಟ್ಟೋಗಿರೋದನ್ನ ನೋಡ್ಕಂಡು ಕೂರಕ್ಕಾಗಲ್ಲ ಕಣ್ಲಾ” ಎಂದರು. ನಾನು ಓದಿದ ಕರಪತ್ರಗಳೆಲ್ಲ ಸೇರಿ ಹೇಳುವುದೂ ಇದನ್ನೇ ಅಲ್ಲವೇ?

ಸಂಜೆ ನಮ್ಮ ಮಾತೆಲ್ಲ ಬೋರುಗಳದ್ದೇ. ಅವೆನ್ಯೂ ರಸ್ತೆಯ ಬದಿಯಲ್ಲಿ ಕೊಂಡ ಹಳೆಯ ಇಂಗ್ಲಿಷ್ ಕೈಪಿಡಿಯೊಂದನ್ನು ನಿಘಂಟು ಇಟ್ಟುಕೊಂಡು ಓದಿ ನಾನು ವಿವರಿಸುತ್ತಿದ್ದೆ. ಒಂದು ಪೌಂಡು ಸೀಸದಲ್ಲಿ ಒಂದೇ ಸಮನಾದ ಹನ್ನೆರಡು ಗುಂಡು ಮಾಡಿದರೆ, ಅದರಲ್ಲಿ ಒಂದು ಹಿಡಿಸುವ ನಳಿಗೆ ಹನ್ನೆರಡು ಬೋರು. ಹದಿನಾರು ಮಾಡಿದರೆ ಹದಿನಾರು ಬೋರು. “ಅಂಗಾದ್ರೆ ನಂಬರು ಜಾಸ್ತಿ ಆದಷ್ಟೂ ತೂತು ಸಣ್ಣದು ಅನ್ನು, ನಮ್ಮನೆ ಜಮೀನು ಭಾಗ ಆದಂಗೆ” ಎನ್ನುತ್ತಿದ್ದರು. ರೈಫಲಿನ ಲೆಕ್ಕ ಬೇರೆ. ಅಂಗುಲವನ್ನು ಸಾವಿರ ಭಾಗ ಮಾಡಿ, ನಳಿಗೆಯ ಅಗಲ ಅದರಲ್ಲಿ ಎಷ್ಟು ಭಾಗ ಎಂದು ಎಣಿಸುತ್ತಾರೆ. ಸೈನ್ಯ ಮತ್ತು ಪೊಲೀಸರದು ಮುನ್ನೂರಮೂರು. ಕಾಡುಹಂದಿಗೆಂದು ಸರ್ಕಾರವೇ ಮಾರುವುದು ಮುನ್ನೂರಹದಿನೈದು. ಆವಲಪ್ಪನವರದು ಇವೆರಡರ ನಡುವಿನ ಮುನ್ನೂರಹತ್ತು. ದಾರಿಯಲ್ಲಿ ಹೋಗುತ್ತಿದ್ದ ಸೊಣ್ಣಪ್ಪ ಒಮ್ಮೆ ನಿಂತು ಕೇಳಿಯೇಬಿಟ್ಟ: “ಏನ್ರಪ್ಪಾ, ಮುನ್ನೂರಮೂರು, ಮುನ್ನೂರಹತ್ತು ಅಂತ ದಿನಾ ಕಿತ್ತಾಡ್ತೀರಿ, ಯಾರ್ದು ಆ ಸರ್ವೆ ನಂಬರು?” ಆವಲಪ್ಪನವರು ಎಲೆ ಅಡಿಕೆ ನೆತ್ತಿಗೇರುವಷ್ಟು ನಕ್ಕರು.

ಆ ಮನೆಯಲ್ಲಿ ಜಗಳವೆಂದರೆ ಒಂದೇ, ಅದು ವರ್ಷಕ್ಕೊಮ್ಮೆ. ಆಯುಧಪೂಜೆಯ ದಿನ ನೇಗಿಲು, ಕುಡುಗೋಲುಗಳ ಜೊತೆ ಬಂದೂಕನ್ನೂ ಇಡುತ್ತಿದ್ದರು. ಅವರ ಹೆಂಡತಿ ಸಪ್ಪಲಮ್ಮನವರು ಎಲ್ಲಕ್ಕೂ ನಿಂಬೆಹಣ್ಣು ಚುಚ್ಚುತ್ತಾ ಬಂದು ಬಂದೂಕಿನ ಬಾಯಿಗೂ ಒಂದನ್ನು ಸಿಕ್ಕಿಸಲು ಹೋದರೆ ಆವಲಪ್ಪನವರು ಕೈ ಅಡ್ಡ ಹಿಡಿಯುತ್ತಿದ್ದರು. “ಹುಳಿ ಒಳಕ್ಕಿಳಿದ್ರೆ ನಳಿಗೆ ಸತ್ತೋಯ್ತದೆ ಕಣಮ್ಮಿ.” “ನಿಂಬೆಹಣ್ಣು ಇಲ್ದೆ ಅದೆಂಥಾ ಪೂಜೆ? ಆಯುಧ ಮುನಿಸ್ಕಂಡ್ರೆ?” “ಮುನಿಸ್ಕಂಡ್ರೆ ನಾನು ಮಾತಾಡ್ಕತೀನಿ ಬುಡು.” “ಊಂ, ನನ್ ಜೊತೆ ಆಡಿದ್ದಕ್ಕಿಂತ ಅದ್ರ ಜೊತೇಲೇ ಜಾಸ್ತಿ ಮಾತಾಡ್ತೀಯ.” ಕೊನೆಗೆ ನಿಂಬೆಹಣ್ಣು ಬಂದೂಕಿನ ಪಕ್ಕದಲ್ಲಿ ಎಲೆಯ ಮೇಲೆ ಕೂರುತ್ತಿತ್ತು.

ಕಳೆದ ವರ್ಷ ಮಹಾಚುನಾವಣೆ ಬಂತು. ಪರವಾನಗಿಯ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಟಮಟಮ ಹೊಡೆಸಿದರು. ನಾನು ಇದನ್ನು ವಿರೋಧಿಸುವವನಲ್ಲ. ಮತ ಹಾಕುವವನ ಎದುರು ಗೌಡನ ಬಂದೂಕು ನಿಂತಿರಬಾರದು. ಆವಲಪ್ಪನವರು ಹಳೆಯ ಪಂಚೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ ಒಪ್ಪಿಸಿ ಬಂದರು. ಚುನಾವಣೆ ಮುಗಿಯಿತು. ಗೆದ್ದವರು ಗೆದ್ದರು. ಹನ್ನೆರಡು ಬೋರಿನವರೆಲ್ಲ ತಮ್ಮ ತಮ್ಮ ಬಂದೂಕು ಬಿಡಿಸಿಕೊಂಡು ಬಂದರು. ಅಷ್ಟರಲ್ಲಿ ಆವಲಪ್ಪನವರು ಹಾಸಿಗೆ ಹಿಡಿದಿದ್ದರು. ಮಾಲೀಕನೇ ಬರಬೇಕು ಎಂದರು ಠಾಣೆಯವರು. ಮಾಲೀಕ ಬರಲಿಲ್ಲ. ಮುಂಗಾರು ಬಿತ್ತನೆಯ ಹೊತ್ತಿಗೆ ತೀರಿಕೊಂಡರು.

ಯಾವ ಠಾಣೆಯೆಂದು ಬರೆಯುವುದು ಬೇಡವೆಂದು ಪತ್ರಿಕೆಯವರು ಹೇಳಿದ್ದಾರೆ. ನಿಮಗೆ ಗೊತ್ತಿದೆ. ಸಪ್ಪಲಮ್ಮನವರ ಹೆಸರಿಗೆ ಪರವಾನಗಿ ಬದಲಾಯಿಸಲು ಅರ್ಜಿ ಬರೆದುಕೊಟ್ಟು, ದಸರೆ ಕಳೆದ ಮೇಲೆ, ವಿಚಾರಣೆಯ ದಿನ ಅವರ ಪರವಾಗಿ ನಾನೇ ಹೋದೆ. ದಫೇದಾರರು ಸಾಮಾನು ಕೋಣೆಯಿಂದ ಬಂದೂಕನ್ನು ತಂದರು. ಪಂಚೆ ಇರಲಿಲ್ಲ. ಬಾಯಿಯ ಮೇಲೆ ಒಣಗಿ ಕಪ್ಪಾದ ನಿಂಬೆಸಿಪ್ಪೆಯೊಂದು ಟೋಪಿಯ ಹಾಗೆ ಕೂತಿತ್ತು. ನಾನು ನೋಡುತ್ತಿರುವುದನ್ನು ಕಂಡು ದಫೇದಾರರು ಅಭಿಮಾನದಿಂದಲೇ ಹೇಳಿದರು: “ಮೋಸ ಮಾಡಿಲ್ಲ ಕಣಪ್ಪ. ಆಯುಧಪೂಜೇಲಿ ದಿಕ್ಕಿಲ್ದೆ ನಿಂತಿರೋ ತುಪಾಕಿಗಳಿಗೂ ಒಂದೊಂದು ಹಣ್ಣು ಚುಚ್ಚಿಸ್ದೆ. ಅವೂ ಆಯುಧಗಳೇ ಅಲ್ವಾ?” ಠಾಣೆಯ ಸ್ವಂತ ರೈಫಲುಗಳ ನಿಂಬೆಹಣ್ಣನ್ನು ಕವಾಯತಿಗೆಂದು ಮರುದಿನವೇ ತೆಗೆದು ಒರೆಸಿದ್ದರು. ಇದನ್ನು ಯಾರು ಒರೆಸಬೇಕು? ಗೋಡೆಗೆ ಆನಿಸಿ ನಿಲ್ಲಿಸಿದ ನಳಿಗೆಯೊಳಗೆ ಹುಳಿ ಹನಿಹನಿಯಾಗಿ ಇಳಿದಿತ್ತು. ಸಿಪ್ಪೆ ಕಿತ್ತು, ಬಂದೂಕು ತೆರೆದು, ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಆಕಾಶ ಕಾಣಲಿಲ್ಲ. ಒಳಗೆಲ್ಲ ಕೆಮ್ಮಣ್ಣಿನ ಬಣ್ಣ. ಆ ದಫೇದಾರರ ಮೇಲೆ ನನಗೆ ಸಿಟ್ಟಿಲ್ಲ. ಅನಾಥ ಬಂದೂಕಿಗೂ ಪೂಜೆ ತಪ್ಪಬಾರದು ಎಂದುಕೊಂಡ ಮನುಷ್ಯನ ಮೇಲೆ ಹೇಗೆ ಸಿಟ್ಟಾಗಲಿ? ಒಪ್ಪಿಸಿಕೊಂಡದ್ದನ್ನು ಕಾಪಾಡುವುದು ಯಾರ ಕೆಲಸ ಎಂದು ಎಲ್ಲಿಯೂ ಹೇಳದ ನಿಮ್ಮ ಕಚೇರಿಯ ಮೇಲೆ ಸಿಟ್ಟು.

ನಂತರ ಸಬ್‌ಇನ್‌ಸ್ಪೆಕ್ಟರು ಪರೀಕ್ಷೆ ಮಾಡಿದರು. ಠಾಣೆಯ ಮುನ್ನೂರಮೂರರ ತೋಟಾ ಒಂದನ್ನು ತರಿಸಿ, ಅದರ ಚೂಪು ತುದಿಯನ್ನು ಬಂದೂಕಿನ ಬಾಯಿಗೆ ಇಟ್ಟರು. ತುದಿ ಒಳಗೆ ಹೋಯಿತು.

“ನೋಡಿದ್ಯಾ? ತ್ರೀ ನಾಟ್ ತ್ರೀ.”

“ಸ್ವಾಮಿ, ಪೆನ್ಸಿಲ್ಲಿನ ತುದೀನೂ ಹೋಗ್ತದೆ.”

“ಏನಯ್ಯಾ, ಪೆನ್ಸಿಲ್ ಬೋರು ಅಂತ ಒಂದು ಇದ್ಯಾ?”

“ಲೈಸೆನ್ಸಿನಾಗೆ ಮುನ್ನೂರಹತ್ತು ಅಂತ ಐತಲ್ಲ ಸ್ವಾಮಿ?”

“ಮುನ್ನೂರಹತ್ತು ಅಂತ ಬೋರೇ ಇಲ್ಲ. ನನ್ನ ಸರ್ವೀಸಲ್ಲಿ ನಾನು ಕೇಳಿಲ್ಲ. ಯಾವನೋ ಗುಮಾಸ್ತ ತಪ್ಪು ಬರ್ದವ್ನೆ.”

ಆ ವರದಿಯ ಮೇಲೆ ನೀವು ಸಹಿ ಹಾಕಿದ್ದೀರಿ. ಅರ್ಜಿ ವಜಾ, ಬಂದೂಕು ನಾಶ. ಮಾನ್ಯರೇ, ಒಬ್ಬ ಅಧಿಕಾರಿ ಕೇಳದೆ ಇರುವುದೆಲ್ಲ ಲೋಕದಲ್ಲಿ ಇಲ್ಲವೆಂದಾದರೆ ನಮ್ಮ ಊರೂ ಇಲ್ಲ, ನಾವೂ ಇಲ್ಲ. ಸೈನ್ಯದ ಬೋರನ್ನು ಜನರ ಕೈಗೆ ಕೊಡಬಾರದೆಂಬ ನಿಯಮ ನನಗೆ ಅರ್ಥವಾಗುತ್ತದೆ. ಕದ್ದ ಸೈನ್ಯದ ತೋಟಾ ಖಾಸಗಿ ಬಂದೂಕಿಗೆ ಹೊಂದಬಾರದು. ಹಾಗಿದ್ದರೆ ನೋಡಬೇಕಾದದ್ದು ಹೊಂದುತ್ತದೆಯೋ ಇಲ್ಲವೋ ಎಂಬುದನ್ನೇ ಅಲ್ಲವೇ? ತೋಟಾ ಬಂದೂಕಿನ ಬಾಯಿಂದ ಹೋಗುವುದಿಲ್ಲ, ಹಿಂದಿನಿಂದ ಹೋಗುತ್ತದೆ. ಮುನ್ನೂರಮೂರರ ತೋಟಾ ನನ್ನ ನಡುಬೆರಳಿನಷ್ಟು ಉದ್ದ, ಬುಡದಲ್ಲಿ ಹೆಬ್ಬೆರಳ ತುದಿಯಷ್ಟು ದಪ್ಪ. ಮುನ್ನೂರಹತ್ತರದು ಕಿರುಬೆರಳಿಗಿಂತ ಗಿಡ್ಡ, ಸಣಕಲು. ನಳಿಗೆಯ ಹಿಂದೆ ತೋಟಾ ಕೂರುವ ಗೂಡಿಗೆ ಮುನ್ನೂರಮೂರನ್ನು ಇಟ್ಟು ನೋಡಿದರೆ, ತೋಟಾ ದಪ್ಪಗಾಗುವ ಭುಜದ ಹತ್ತಿರವೇ ನಿಂತುಬಿಡುತ್ತದೆ. ಉಸಿರೆಳೆದು ಬಿಡುವಷ್ಟು ಹೊತ್ತಿನ ಕೆಲಸ. ಒಂದು ಸರ್ವೆ ನಂಬರಿನ ಬದಲು ಇನ್ನೊಂದನ್ನು ಬರೆದರೆ ಅಣ್ಣತಮ್ಮಂದಿರು ಮಚ್ಚು ಹಿಡಿಯುತ್ತಾರೆಂದು ನಿಮಗೆ ಗೊತ್ತು. ಅಲ್ಲಿ ಸರಪಳಿ ಹಿಡಿದು ಅಳೆಸುತ್ತೀರಿ. ಸತ್ತವನ ಬಂದೂಕಿಗೆ ಮಾತ್ರ ಅಳತೆ ಬೇಡವೇ?

ಠಾಣೆಯಲ್ಲಿ ಪರೀಕ್ಷೆಯಾದ ದಿನ ನಾನು ಊರಿಗೆ ಬಂದಾಗ ಸಪ್ಪಲಮ್ಮನವರು ಬಾಗಿಲಲ್ಲೇ ಕೂತಿದ್ದರು. ಬಂದೂಕು ಕೊಟ್ಟರೇ ಎಂದು ಕೇಳಲಿಲ್ಲ.

“ಪೂಜೆ ಮಾಡಿದ್ರಂತಾ?”

“ಮಾಡವ್ರೆ ಅಕ್ಕಾ.”

“ನಿಂಬೆಹಣ್ಣು?”

“ಇಕ್ಕವ್ರೆ.”

“ಸದ್ಯ” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. “ಅದ್ರ ಬಾಯಿಗೆ ಒಂದ್ ವರ್ಸಾನೂ ಹಣ್ಣು ಇಕ್ಕಿಸ್ದೇ ಹೋದ್ನಲ್ಲ ಅಂತ ನಂಗೆ ನಿದ್ದೆ ಇರ್ಲಿಲ್ಲ ಕಣಪ್ಪ. ಅದ್ಕೇ ಅವ್ರಿಗಂಗಾಯ್ತು ಅಂದ್ಕಂಡಿದ್ದೆ.”

ಮೂಢನಂಬಿಕೆಯ ವಿರುದ್ಧ ಅರಳಿಕಟ್ಟೆಯ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಮಾತಾಡಿದವನು ನಾನು. ಆ ಹಣ್ಣಿನ ಹುಳಿಯೇ ನಳಿಗೆಯನ್ನು ತಿಂದಿತೆಂದು ಅಂದು ಹೇಳಲಿಲ್ಲ. ಇಂದೂ ಅವರಿಗೆ ಹೇಳಿಲ್ಲ. ಅವರಿಗೆ ಓದಲು ಬಾರದು. ಈ ಪತ್ರಿಕೆಯನ್ನು ಓದುವ ನಮ್ಮೂರಿನವರು ಯಾರೂ ಈ ಭಾಗವನ್ನು ಅವರಿಗೆ ಓದಿ ಹೇಳಬಾರದೆಂದು ಕೈಮುಗಿದು ಕೇಳುತ್ತೇನೆ. ಹೇಳಿಕೊಳ್ಳಬಹುದಾಗಿದ್ದ ಒಬ್ಬ ಮನುಷ್ಯ ಇದ್ದರು. ಹುಳಿ ಎಲ್ಲಿಯವರೆಗೆ ಇಳಿದಿದೆ, ಗೆರೆಗಳು ಉಳಿದಿವೆಯೋ ಇಲ್ಲವೋ ಎಂದು ಅವರೊಡನೆ ಕೂತು ವಾದ ಮಾಡಬಹುದಿತ್ತು. ಈಗ ಸಂಜೆ ಆ ಜಗಲಿಯ ಮುಂದೆ ಹಾದು ಹೋಗುವಾಗ ನಾನೇ ಮುನ್ನೂರಮೂರು ಎನ್ನುತ್ತೇನೆ, ನಾನೇ ಮುನ್ನೂರಹತ್ತು ಎನ್ನುತ್ತೇನೆ. ಸೊಣ್ಣಪ್ಪನೂ ಈಗ ತಮಾಷೆ ಮಾಡುವುದಿಲ್ಲ, ತಲೆ ತಗ್ಗಿಸಿ ಹೋಗುತ್ತಾನೆ. ನಿಜ ಹೇಳಬೇಕೆಂದರೆ, ಈ ಜಿಲ್ಲೆಯಲ್ಲಿ ಈ ಎರಡು ಸಂಖ್ಯೆಗಳ ಬಗ್ಗೆ ಮಾತಾಡಲು ನನಗೆ ಉಳಿದಿರುವವರು ನೀವೊಬ್ಬರೇ. ನೀವಾದರೂ ಉತ್ತರ ಬರೆಯಲೇಬೇಕಾದ ಹುದ್ದೆಯಲ್ಲಿದ್ದೀರಿ.

ಆದ್ದರಿಂದ ಕೇಳುತ್ತೇನೆ. ಆಜ್ಞೆಯನ್ನು ತಡೆಹಿಡಿಯಿರಿ. ಬಂದೂಕಿನ ಹಿಂಬದಿ ತೆರೆದು, ಬಲ್ಲವರಿಂದ ಇನ್ನೊಮ್ಮೆ ಅಳೆಸಿರಿ. ಅಲ್ಲಿಯವರೆಗೆ ಆ ಸಾಮಾನು ಕೋಣೆಗೆ ಹೋಗಿ, ಕಾವಲಿನವರ ಎದುರಿಗೇ, ಬಂದೂಕಿಗೆ ಎಣ್ಣೆ ಹಚ್ಚಿ ಬರಲು ನನಗೆ ಅಪ್ಪಣೆ ಕೊಡಿ. ಎಣ್ಣೆ ನನ್ನದು, ಬಟ್ಟೆ ನನ್ನದು. ಅಳತೆ ನನ್ನ ಕಡೆ ಬಂದರೆ ಸಪ್ಪಲಮ್ಮನವರಿಗೆ ಕೊಡಿ. ಅವರು ಎಲೆಯ ಮೇಲೆ ಹೂವಿಟ್ಟು ಪೂಜೆ ಮಾಡಿಕೊಳ್ಳುತ್ತಾರೆ.

ಇಲ್ಲ, ಒಡೆಯಲೇಬೇಕು, ಸರ್ಕಾರದ ಮಾತು ಹಿಂದೆ ಹೋಗಬಾರದು ಎಂದಾದರೆ, ಸುತ್ತಿಗೆ ತರಿಸುವ ಮುಂಚೆ ನನಗೊಂದು ಕಾರ್ಡು ಹಾಕಿ. ನಾನು ಬಂದು ಬಿಚ್ಚಿಕೊಡುತ್ತೇನೆ. ಘೋಷಣೆ ಕೂಗುವುದಿಲ್ಲ, ಭಾಷಣ ಮಾಡುವುದಿಲ್ಲ. ಅದರಲ್ಲಿ ಓರೆಯಾದ ತಿರುಪೊಂದಿದೆ, ಅದು ಸೀಮೆಯದಲ್ಲ, ನಮ್ಮೂರಿನದು. ಅದನ್ನು ಮಾತ್ರ ನನಗೆ ಕೊಟ್ಟುಬಿಡಿ. ಅದು ಸುಲಭವಾಗಿ ಬರುವುದಿಲ್ಲವೆಂದು ನನಗೆ ಗೊತ್ತು. ತಿರುಗದಿದ್ದರೆ ಬಲ ಹಾಕುವುದಿಲ್ಲ. ಎಣ್ಣೆ ಬಿಟ್ಟು ಮನೆಗೆ ಹೋಗಿ, ಮಾರನೆಯ ದಿನ ಬರುತ್ತೇನೆ.

ಇಂತಿ,
ವಾದಕ್ಕೆ ಎದುರಾಳಿಯನ್ನು ಕಳೆದುಕೊಂಡಿರುವ,
ಪಿಳ್ಳಪ್ಪ
ದೊಡ್ಡಬಳ್ಳಾಪುರ ತಾಲ್ಲೂಕು, ೧೯೬೮