ಅಪ್ಪನ ಬೆಸುಗೆ

ಮಂಗಳವಾರ, ಮಧ್ಯಾಹ್ನ

ಮುದ್ದು ಮಗಳೇ,

ಫೋನ್ ಇರುವಾಗ ಇದೇನು ಪತ್ರ ಎಂದು ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವುದರೊಳಗೆ ನೀನು "ಆಮೇಲೆ ಮಾಡ್ತೀನಮ್ಮಾ" ಎಂದು ಇಟ್ಟುಬಿಡುತ್ತೀಯ. ನಿಮ್ಮಪ್ಪ ಎದುರಿಗೇ ಕುಳಿತಿದ್ದಾರೆ. ಸಾಲು ಮುಗಿಯುವ ಮೊದಲೇ, ಏನು ಬರೆದೆ ಓದು ಎನ್ನುತ್ತಾರೆ.

ಕಾರಿನ ಬಾಗಿಲಿನ ಒಳಫಲಕಕ್ಕೆಂದು ಮೆಕ್ಕೆಜೋಳದಿಂದ ಮಾಡಿದ ಹೊಸ ಪ್ಲಾಸ್ಟಿಕ್ ಬಂದಿದೆಯಲ್ಲ, ಅದರ ಬೆಸುಗೆಯ ಮಾದರಿಗಳನ್ನು ಅಪ್ಪ ಮತ್ತೆ ಮಾಡಿ ನಿನ್ನ ಪರೀಕ್ಷಾ ಕೇಂದ್ರಕ್ಕೆ ಕಳಿಸಿದ್ದಾರೆ. ಹೋದ ಸಲದವು ಬಗ್ಗಿಸಿದ ಕೂಡಲೇ ಬೆಸುಗೆಯಲ್ಲೇ ಲಟಕ್ಕನೆ ಮುರಿದವು ಎಂದು ನಿನ್ನ ವರದಿ ಬಂದ ದಿನ ಅವರು ಊಟಕ್ಕೆ ಏಳಲಿಲ್ಲ. ಈ ಸಲವೂ ಮುರಿದರೆ ಕಾರ್ಖಾನೆಯವರು ಅಪ್ಪನ ಕೈಯಿಂದ ಬೆಸೆಯುವ ಬಿಸಿಗಾಳಿಯ ಗನ್ ಕಿತ್ತುಕೊಂಡು ಮನೆಗೆ ಕಳಿಸುತ್ತಾರಂತೆ.

ಹಳೆಯ ಪ್ಲಾಸ್ಟಿಕ್ ಎಷ್ಟು ಕಾಯಿಸಿದರೂ ಎಮ್ಮೆಯ ಹಾಗೆ ಸುಮ್ಮನಿರುತ್ತಿತ್ತು. ಗೊಬ್ಬರದ ಗುಂಡಿಯ ಕಾವಿಗೆ ಕರಗಿ ಮಣ್ಣಾಗುವ ಈ ಹೊಸದಕ್ಕೆ ಸಿಟ್ಟು ಜಾಸ್ತಿ. ಬಿಸಿ ತುಸು ಕಡಿಮೆಯಾದರೆ ಬೆಸೆಯುವುದಿಲ್ಲ, ತುಸು ಹೆಚ್ಚಾದರೆ ಒಳಗೇ ಸೀದು ಪೆಡಸಾಗುತ್ತದೆ. ಹದ ತಪ್ಪಿದ್ದು ಕಣ್ಣಿಗೆ ಕಾಣುವುದಿಲ್ಲ, ಸಕ್ಕರೆ ಪಾಕ ಸೀದ ವಾಸನೆ ಬಂದ ಕೂಡಲೇ ಕೈ ಎಳೆದುಕೊಳ್ಳಬೇಕು. ಪಕ್ಕದ ಮೇಜಿನ ಹುಡುಗಿಯರಿಗೆ ಇದನ್ನು ಹೇಳಿಕೊಟ್ಟವರು ಇವರೇ. ಅವರ ಬೆಸುಗೆಯೆಲ್ಲ ಗಟ್ಟಿಯಾಗಿ ನಿಂತಿದೆ, ಮುರಿಯುತ್ತಿರುವುದು ಗುರುವಿನದು ಮಾತ್ರ. ಎಲ್ಲ ಗ್ರಹಚಾರ ಎನ್ನುತ್ತಾರೆ.

ನಿನಗೆ ಗೊತ್ತಲ್ಲ, ಕೆಲಸ ಬಿಟ್ಟರೆ ಇವರಿಗೆ ಬೇರೆ ಲೋಕವಿಲ್ಲ. ಮನೆಯಲ್ಲಿ ಕೂತರೆ ನನ್ನ ತಲೆ ತಿಂದು, ಆಮೇಲೆ ತಮ್ಮದನ್ನೂ ತಿನ್ನುತ್ತಾರೆ. "ಹೆತ್ತ ಮಗಳೇ ಅಪ್ಪನ ಹೊಟ್ಟೆ ಮೇಲೆ ಹೊಡೀತಾಳಾ ಅಂತ ಬರಿ" ಎಂದರು, ಬರೆದಿದ್ದೇನೆ. ಈ ಸಲ ಹೇಗಾದರೂ ಪಾಸು ಮಾಡಿಬಿಡು ತಾಯಿ. ಒಂದು ರುಜು ತಾನೇ.

ಅಪ್ಪ ಓದಿ ತಲೆಯಾಡಿಸಿದ ಮೇಲೆ ಹೆಸರು ಹಾಕುತ್ತಿರುವ,
ನಿನ್ನ ಅಮ್ಮ

ತಾ.ಕ.: ಇದನ್ನು ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಪ್ಪ ಜೊತೆಯಲ್ಲಿಲ್ಲ. ಪಾಸು ಮಾಡಬೇಡ. ನಾಳೆ ಆ ಬಾಗಿಲ ಪಕ್ಕ ಯಾರ ಮಗು ಕೂರುತ್ತದೋ. ಹೋದ ಚಳಿಗಾಲದ ಜ್ವರ ಬಿಟ್ಟಾಗಿನಿಂದ ಇವರಿಗೆ ವಾಸನೆಯೇ ತಿಳಿಯುತ್ತಿಲ್ಲ ಮಗಳೇ. ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಮೊನ್ನೆ ಹೊರಗಿನಿಂದ ಬಂದು ನೋಡಿದರೆ ಮನೆ ತುಂಬ ಗ್ಯಾಸ್ ವಾಸನೆ. ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸ್ ಬರುತ್ತಲೇ ಇತ್ತು. ಇವರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ನಾನು ಓಡಿಹೋಗಿ ಗ್ಯಾಸ್ ಬಂದ್ ಮಾಡಿ ಕಿಟಕಿಗಳನ್ನೆಲ್ಲ ತೆರೆದೆ. ತಲೆಯೆತ್ತಿ ನೋಡಿ "ಯಾಕೆ, ಸೆಕೆನಾ?" ಎಂದು ಕೇಳಿದರು. ನಾನು ಹೌದು ಎಂದೆ.